ಗಲ್ಲಾದ ಫೋನು

ಅಣ್ಣನ ಆಧಾರ್ ಕಾರ್ಡಿನಲ್ಲಿದ್ದ ಹೆಸರು ಅವನದು. ಪೊಲೀಸರು ಹಿಡಿದು ಕೂರಿಸಿದವನಂತೆ ಕಾಣುತ್ತಿದ್ದರೂ ಫೋಟೋವೂ ಅವನದೇ. ಆದರೆ ವಿಳಾಸ ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನದು. ಮೊಬೈಲ್ ನಂಬರು ಆ ಹೋಟೆಲಿನ ಗಲ್ಲಾದ ಮೇಲಿರುವ ಫೋನಿನದು. ಪಾರ್ಸೆಲ್ ಆರ್ಡರು ಬರುವ ಫೋನು ಅದು. ಅದರ ಗಾಜಿನ ಮೇಲೆ ಯಾವಾಗಲೂ ಯಾರದೋ ಚಟ್ನಿಯ ಬೆರಳಿನ ಗುರುತು ಇರುತ್ತಿತ್ತು.

ಇದನ್ನು ಹೇಳಿದರೆ ಮಲಾಡಿನ ನಮ್ಮ ಬಿಲ್ಡಿಂಗಿನ ಹೆಂಗಸರು, ನಿಮ್ಮಣ್ಣನಿಗೆ ಅಷ್ಟೂ ತಿಳಿಯಲಿಲ್ಲವೇ ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇವರ ಗಂಡಂದಿರು ಯಾರೂ ಹೋಟೆಲಿನ ಅಟ್ಟದಲ್ಲಿ ಮಲಗಿದವರಲ್ಲ. ಉಡುಪಿ ಕಡೆಯಿಂದ ಮುಂಬಯಿ ಹೋಟೆಲಿಗೆ ಬಂದವರಿಗೆ ಇಲ್ಲಿ ಮನೆ ಎಂಬುದು ಇರುವುದಿಲ್ಲ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ಚಾಪೆ, ಗೋಡೆಯ ಮೊಳೆಗೆ ಎರಡು ಅಂಗಿ, ಮುಗಿಯಿತು. ಅವರ ವಿಳಾಸವೆಂದರೆ ಹೋಟೆಲು, ಹೋಟೆಲೆಂದರೆ ಗಲ್ಲಾ. ಹಿಂದೆ ಊರಿನಿಂದ ಬರುವ ಕಾಗದ, ಮದುವೆಯ ಆಮಂತ್ರಣ, ಸಾವಿನ ತಂತಿ ಎಲ್ಲವೂ ಗಲ್ಲಾಕ್ಕೇ ಬರುತ್ತಿದ್ದವು. ಹಣ ತೆಗೆದುಕೊಳ್ಳುತ್ತಲೇ ಹೋಟೆಲಿನ ಧಣಿಗಳು ಅವನ್ನು ಒಡೆದು ಓದಿ, ಅಡುಗೆಮನೆಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ನನಗೆ ಮಗಳು ಹುಟ್ಟಿದ ಸುದ್ದಿ ಅಣ್ಣನಿಗೆ ಮುಟ್ಟಿದ್ದೂ ಹಾಗೆಯೇ. "ನೀನು ಮಾಮ ಆದೆ ಮಾರಾಯ, ಇವತ್ತು ಎಲ್ಲರಿಗೂ ಶೀರಾ ಹಾಕು" ಎಂದು ಗಲ್ಲಾದಿಂದಲೇ ಕೂಗಿದರಂತೆ. ಬೇರೆಯವರ ಕಾಗದ ಒಡೆಯುವುದು ತಪ್ಪೆಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ. ಮನೆಯ ಯಜಮಾನರು ಓದಿದರು, ಅಷ್ಟೆ.

ಆಮೇಲೆ ಮೊಬೈಲು ಬಂತು. ಯಾವುದು ಅಗ್ಗವೋ ಆ ಸಿಮ್ಮು ಹಾಕಿಕೊಳ್ಳುವುದು, ಊರಿಗೆ ಹೋಗುವಾಗ ಬಿಸಾಕುವುದು ಎಲ್ಲರ ರೂಢಿಯಾಯಿತು. ಗಲ್ಲಾದ ನಂಬರು ಮಾತ್ರ ಬದಲಾಗಲಿಲ್ಲ. ಆಧಾರ್ ಮಾಡುವವರು ಹತ್ತಿರದ ಶಾಲೆಗೆ ಬಂದಾಗ ಧಣಿಗಳು ಮಧ್ಯಾಹ್ನ ಶಟರ್ ಇಳಿಸಿ ಎಲ್ಲರನ್ನೂ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದರು. ಮೊಬೈಲ್ ನಂಬರ್ ಕೇಳಿದಾಗ ಒಬ್ಬರ ಹಿಂದೊಬ್ಬರು ಅದೇ ನಂಬರ್ ಹೇಳಿದರು. ಅವರಿಗೆ ನೆನಪಿದ್ದದ್ದೂ ಅದೊಂದೇ.

ಅಣ್ಣ ಅಲ್ಲಿ ದೋಸೆಯ ಕಾವಲಿ ನೋಡಿಕೊಳ್ಳುತ್ತಿದ್ದ. ಮೀಸೆ ಮೂಡುವ ಮೊದಲೇ ಬಂದವನು, ತಲೆ ಪೂರ್ತಿ ನೆರೆಯುವವರೆಗೂ ಅದೇ ಕಾವಲಿಯ ಮುಂದೆ ನಿಂತ. ಮದುವೆಯಾಗಲಿಲ್ಲ. ಕೇಳಿದರೆ, "ದಿನವಿಡೀ ಒಬ್ಬಳ ಎದುರು ಬೆವರ್ತಾ ನಿಂತದ್ದು ಸಾಕಾಗುದಿಲ್ವಾ?" ಎಂದು ಕಾವಲಿ ತೋರಿಸುತ್ತಿದ್ದ. ನನ್ನ ಗಂಡ ತೀರಿಹೋದ ಮೇಲೆ ರಜೆ ಸಿಕ್ಕಾಗಲೆಲ್ಲ ಲೋಕಲ್ ಹಿಡಿದು ಮಲಾಡಿಗೆ ಬರುತ್ತಿದ್ದ, ಮಗಳಿಗೆ ಹೋಟೆಲಿನ ಗೋಳಿಬಜೆ ಕಟ್ಟಿಕೊಂಡು. ಬಂದವನು ನನ್ನ ಅಡುಗೆಮನೆಗೆ ನುಗ್ಗಿ, ನನ್ನ ದೋಸೆಕಲ್ಲನ್ನು ನೋಡಿ ಮೂಗು ಮುರಿಯುತ್ತಿದ್ದ.

ಅವನ ಕೆಮ್ಮು ವಾಸಿಯಾಗದೆ ಹೋದಾಗ ಆಸ್ಪತ್ರೆಗೆ ಎಳೆದುಕೊಂಡು ಹೋದದ್ದು ನಾನು. ಮಗಳೂ ರಜೆ ಹಾಕಿ ಬಂದಳು. ಅವಳು ಪವಾಯಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ರೋಗಿಗಳ ಗುಟ್ಟು ಹೊರಗೆ ಹೋಗದಂತೆ ಕಾಯುವ ಸಾಫ್ಟ್‌ವೇರ್ ಅವರದು. ಬೀಗ ಹಾಕಿದ ಬಾಗಿಲನ್ನು ಬೇರೆ ಬೇರೆ ರೀತಿಯಲ್ಲಿ ತಳ್ಳಿ ನೋಡುವುದು ಅವಳ ಕೆಲಸ ಎಂದು ನನಗೆ ಅರ್ಥವಾಗುವ ಹಾಗೆ ಒಮ್ಮೆ ಹೇಳಿದ್ದಳು. ಆ ಕೆಲಸದ ಬಗ್ಗೆ ಅವಳಿಗೆ ಬಹಳ ಹೆಮ್ಮೆ. ಅದನ್ನು ಮಾಮನಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು?

"ಮಾಮಾ, ಟೆನ್ಶನ್ ನಹೀ ಲೇನೇಕಾ," ಎಂದಳು. ಅವಳ ಕನ್ನಡ ಎರಡು ಹೆಜ್ಜೆ ಹಾಕಿ ಮೂರನೆಯದಕ್ಕೆ ಹಿಂದಿಯ ಕೈ ಹಿಡಿಯುತ್ತದೆ. "ಆಧಾರ್ ಕೊಟ್ರೆ ನಿಮ್ದು ಹೆಲ್ತ್ ಅಕೌಂಟ್ ಆಗ್ತದೆ. ರಿಪೋರ್ಟ್, ದವಾಯಿ, ಸಬ್ ಕುಛ್ ಅದ್ರಲ್ಲಿ. ಊರಲ್ಲಿ ಡಾಕ್ಟರ್ ಹತ್ರ ಹೋದ್ರೂ ಅವ್ರು ಓಪನ್ ಮಾಡ್ಬಹುದು. ಆದ್ರೆ ನಿಮ್ಮ ಫೋನ್‌ಗೆ ಓಟಿಪಿ ಬರ್ತದೆ. ನೀವು ಹೇಳಿದ್ರೆ ಮಾತ್ರ. ಬಾಕಿ ಕೋಯೀ ನಹೀ."

"ಭಾರೀ ಒಳ್ಳೇದಾಯ್ತು," ಎಂದ ಅಣ್ಣ. "ಧಣಿಗಳ ಹತ್ರ ಕೇಳಿದ್ರೆ ಹೇಳ್ತಾರೆ."

ಮಾಮ ಎಂದಿನಂತೆ ತಮಾಷೆ ಮಾಡಿದನೆಂದು ಅವಳು ನಕ್ಕಳು. ನೋಂದಣಿಯ ಕೌಂಟರಿನಲ್ಲಿದ್ದ ಹುಡುಗಿ "ಕಾಕಾ, ಓಟಿಪಿ ಸಾಂಗಾ" ಎಂದು ಮರಾಠಿಯಲ್ಲಿ ಕೇಳಿದಾಗ ಅಣ್ಣ ನಿಜಕ್ಕೂ ಗಲ್ಲಾಕ್ಕೆ ಫೋನು ಹಚ್ಚಿದ. ಆ ಕಡೆ ಊಟದ ಹೊತ್ತಿನ ಗದ್ದಲ. ಧಣಿಗಳು ಒಂದೊಂದೇ ಅಂಕಿ ಓದುತ್ತಿದ್ದಂತೆ ನಡುವೆ ಯಾರಿಗೋ "ಎರಡು ಸಾದಾ" ಎಂದರು. ಅಣ್ಣ ಅದನ್ನೂ ಸೇರಿಸಿ "ಎರಡು" ಎಂದ. ಕಂಪ್ಯೂಟರ್ ಒಪ್ಪಲಿಲ್ಲ. ಮತ್ತೆ ತರಿಸಿ, ಮತ್ತೆ ಓದಿಸಿ, ಅಂತೂ ಖಾತೆ ತೆರೆಯಿತು. ನಾನೂ ನಗುತ್ತಿದ್ದೆ. ಮಗಳು ಮಾತ್ರ ಈ ಸಲ ನಗಲಿಲ್ಲ. "ಅಮ್ಮ, ಮಾಮನ ನಂಬರ್ ಅಲ್ವಾ ಅದು?" ಎಂದು ನನ್ನ ತೋಳು ಹಿಡಿದಳು. ಗ್ಯಾಸಿಗೂ ಬ್ಯಾಂಕಿಗೂ ಹೋಟೆಲಿನವರೆಲ್ಲ ಹೀಗೆಯೇ ಮಾಡುತ್ತಾರೆ ಎಂದೆ. ಅಷ್ಟರಲ್ಲಿ ಅಣ್ಣನನ್ನು ಎಕ್ಸ್‌ರೇಗೆ ಕರೆದರು.

ಟೀಬಿ ಎಂದು ತಿಳಿಯಲು ಕೆಲವು ದಿನ ಹಿಡಿಯಿತು. ಡಾಕ್ಟರು ಒಳ್ಳೆಯವರು. ಔಷಧಿ ಶುರುವಾದ ಮೇಲೆ ಸ್ವಲ್ಪ ಕಾಲ ಅಡುಗೆಮನೆಯಿಂದ ದೂರವಿರಿ, ಆಮೇಲೆ ಬೇರೆಯವರಿಗೆ ಹರಡುವುದಿಲ್ಲ, ಆದರೆ ಪೂರ್ತಿ ಮುಗಿಸದೆ ಮಾತ್ರೆ ಬಿಡಬೇಡಿ ಎಂದು ಎರಡೆರಡು ಸಲ ಹೇಳಿದರು. ಅಣ್ಣನಿಗೆ ಪಾಠ ಒಪ್ಪಿಸುವ ಮಗುವಿನಂಥ ವಿಧೇಯತೆ ಬಂದಿತ್ತು. ದಾರಿಯಲ್ಲಿ ನನಗೆ ಹೇಳಿದ: "ಧಣಿಗಳ ಹತ್ರ ರೋಗದ ವಿಷಯ ಹೇಳುದು ಬೇಡ. ಊರಲ್ಲಿ ಮನೆ ರಿಪೇರಿ ಉಂಟು ಅಂತ ರಜೆ ಕೇಳ್ತೇನೆ. ಗುಣ ಆಗಿ ಕಾವಲಿಗೆ ಬರ್ತೇನೆ. ಯಾರಿಗೂ ತೊಂದ್ರೆ ಇಲ್ಲ."

ಚಂದದ ಉಪಾಯವಾಗಿತ್ತು ಅದು. ಯಾರಿಗೂ ಅಪಾಯವಿಲ್ಲ, ಯಾರಿಗೂ ಅವಮಾನವಿಲ್ಲ. ಆದರೆ ಅವನು ಸಾಂತಾಕ್ರೂಜಿನಲ್ಲಿ ಇಳಿದು ಹೋಟೆಲಿಗೆ ಕಾಲಿಡುವಷ್ಟರಲ್ಲಿ ಮೆಸೇಜು ಅಲ್ಲಿ ಬಂದಿತ್ತು. ಧಣಿಗಳು ಹಿಂದಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಕನ್ನಡಕ ಏರಿಸಿ, "ಹ್ಞಾ, ನಿನ್ನದೊಂದು ಬಂದಿದೆ ನೋಡು" ಎಂದು ಗಟ್ಟಿಯಾಗಿ ಓದಲು ತೊಡಗಿದರು. ನಿಮ್ಮ ಟೀಬಿ ಚಿಕಿತ್ಸೆಯ ದಾಖಲೆ ನಿಮ್ಮ ಆರೋಗ್ಯ ಖಾತೆಗೆ ಸುರಕ್ಷಿತವಾಗಿ ಸೇರಿದೆ. ಅರ್ಥ ತಲೆಗೆ ಹೋಗಿ ಅವರು ನಿಲ್ಲಿಸುವಾಗ ಆ ಎರಡಕ್ಷರ ಬಾಯಿಂದ ಹೊರಬಿದ್ದಾಗಿತ್ತು. ಹತ್ತಿರದ ಮೇಜಿನಲ್ಲಿದ್ದ ಗಿರಾಕಿ ಚಮಚ ಕೆಳಗಿಟ್ಟನಂತೆ. ಕಾಲೇಜಿನ ಹುಡುಗಿಯರು ಅರ್ಧ ದೋಸೆ ಬಿಟ್ಟು ಎದ್ದರಂತೆ. ಅಣ್ಣ ಬಾಗಿಲಲ್ಲೇ ನಿಂತಿದ್ದ.

ಧಣಿಗಳನ್ನು ದ್ವೇಷಿಸಬೇಕೆಂದು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಆಗುವುದಿಲ್ಲ. ಅವರು ಅಣ್ಣನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮಲಾಡಿನವರೆಗೆ ಬಂದು ನನ್ನ ಮನೆ ಬಾಗಿಲಿಗೆ ಬಿಟ್ಟುಹೋದರು. ಕಾಫಿ ಕೊಟ್ಟರೆ ಬೇಡವೆಂದರು. "ನನ್ನ ಬಾಯಿ ಸುಟ್ಟುಹೋಗಲಿ ತಂಗಿ," ಎಂದರು. "ಗಿರಾಕಿಗಳ ಮುಂದೆ ಆಗಿಹೋಯ್ತು. ಈಗ ಇವನನ್ನು ಒಳಗೆ ಇಟ್ಕೊಂಡ್ರೆ ಹೋಟ್ಲು ಮುಚ್ಚಬೇಕಾಗ್ತದೆ." ಅಣ್ಣನ ಕಡೆ ತಿರುಗಿ, "ಗುಣ ಆಗಿ ಬಾ. ಕಾವಲಿ ಕಾಯಮ್ಮಾಗಿ ಯಾರಿಗೂ ಕೊಡುದಿಲ್ಲ" ಎಂದರು. ಅಣ್ಣ ಅವರ ಕಾಲು ಮುಟ್ಟಲು ಬಗ್ಗಿದ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅದನ್ನು ನಾವು ಮೂವರೂ ನೋಡಿದೆವು.

ಅಲ್ಲಿಂದ ಮುಂದೆ ಅಣ್ಣನಿಗೆ ಇದ್ದದ್ದು ಒಂದೇ ಆಸೆ, ಆ ಕಾವಲಿಯ ಮುಂದೆ ಮತ್ತೆ ನಿಲ್ಲುವುದು. ನನ್ನ ಮನೆಯಲ್ಲಿ ಅವನಿಗೆ ಏನೂ ಕಡಿಮೆಯಿರಲಿಲ್ಲ, ಆದರೆ ಇಡೀ ದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತವನನ್ನು ನೋಡಿದರೆ ಲಗೇಜು ಕಳೆದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಉಳಿದ ಪ್ರಯಾಣಿಕನ ಹಾಗಿದ್ದ. ಮೊದಲ ತಿಂಗಳುಗಳಲ್ಲಿ ಮಾತ್ರೆ ಸರಿಯಾಗಿ ನುಂಗಿದ. ಕೆಮ್ಮು ನಿಂತಿತು, ಮುಖ ತುಂಬಿಕೊಂಡಿತು. ನನ್ನ ದೋಸೆಕಲ್ಲನ್ನು ಬೈಯಲು ಶುರುಮಾಡಿದ. ನನಗೆ ದೇವರು ಕಣ್ಣು ಬಿಟ್ಟ ಎನಿಸಿತು.

ಆದರೆ ಅವನು ಔಷಧಿಗೆ ಆಸ್ಪತ್ರೆಗೆ ಹೋದಾಗಲೆಲ್ಲ ಗಲ್ಲಾದ ಫೋನಿಗೆ ಮೆಸೇಜು ಹೋಗುತ್ತಿತ್ತು. ಔಷಧಿ ಕೊಡಲಾಗಿದೆ, ದಾಖಲೆ ಸೇರಿದೆ, ಮುಂದಿನ ಭೇಟಿ ಇಂಥ ದಿನ. ಸಂಜೆ ಧಣಿಗಳು ಅಣ್ಣನಿಗೆ ಫೋನು ಮಾಡುವರು. "ಇವತ್ತೂ ಬಂತಲ್ಲ ಮಾರಾಯ. ಇನ್ನೂ ಮುಗೀಲಿಲ್ವಾ?" ಕಾಳಜಿಯಿಂದಲೇ ಕೇಳುತ್ತಿದ್ದರು. ನಾನು ಫೋನು ಕಿತ್ತುಕೊಂಡು, ಈಗ ಹರಡುವುದಿಲ್ಲವಂತೆ, ಡಾಕ್ಟರ ಚೀಟಿ ತರುತ್ತೇವೆ ಎಂದೆ. ಅವರು ನಿಟ್ಟುಸಿರು ಬಿಟ್ಟರು. "ಚೀಟಿ ನಾವೇ ಎಷ್ಟು ಬರೆಸಿಲ್ಲ ತಂಗಿ. ತಪಾಸಣೆ ಬಂದಾಗಲೆಲ್ಲ ಯಾರನ್ನೂ ಪರೀಕ್ಷೆ ಮಾಡಿಸದೆ ಎಲ್ಲರದ್ದೂ ಒಟ್ಟಿಗೇ ಬರೆಸ್ತೇವೆ. ಅದನ್ನು ಇಲ್ಲಿ ಯಾರು ನಂಬ್ತಾರೆ? ಈ ಮೆಸೇಜು ನಿಲ್ಲಲಿ. ಅದು ಗೌರ್ಮೆಂಟಿಂದ ಬರುದಲ್ವಾ, ಅದು ಸುಳ್ಳು ಹೇಳುದಿಲ್ಲ. ನಿಂತ ಮೇಲೆ ನಾನೇ ಕರೀತೇನೆ."

ಅಂದಿನಿಂದ ಆ ಫೋನು ಸುಮ್ಮನಾಗುವುದೇ ರೋಗ ಗುಣವಾದದ್ದಕ್ಕೆ ಗುರುತಾಯಿತು.

ನಂಬರ್ ಬದಲಾಯಿಸೋಣ ಎಂದು ಮಗಳು ಗೋಗರೆದಳು. ಆಧಾರಿನಲ್ಲಿ, ಆಸ್ಪತ್ರೆಯ ಖಾತೆಯಲ್ಲಿ, ಎರಡೂ ಕಡೆ ತಾನೇ ಕರೆದುಕೊಂಡು ಹೋಗಿ ಮಾಡಿಸುತ್ತೇನೆ ಎಂದಳು. "ಮಾಮಾ, ಪ್ಲೀಸ್. ಯೇ ಆಪ್ಕಾ ಪ್ರೈವೇಟ್ ಹೈ. ಅವ್ರು ಯಾಕೆ ನೋಡ್ಬೇಕು?"

ಅಣ್ಣ ಕಿಟಕಿಯ ಹೊರಗೆ ನೋಡುತ್ತಾ, "ಆ ನಂಬರ್ ತೆಗೆದ್ರೆ ನಾನು ಅಲ್ಲಿಯವ ಅಲ್ಲ ಅಂತ ಆಯ್ತಲ್ಲ ಮಗಾ," ಎಂದ. "ಮತ್ತೆ ಗುಣ ಆದದ್ದು ಧಣಿಗಳಿಗೆ ಹೇಗೆ ಗೊತ್ತಾಗುದು?"

ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿ ಎದ್ದುಹೋದಳು. ಬಾಗಿಲು ಹಾಕಿದ ಸದ್ದಿಗೆ ಪಕ್ಕದ ಮನೆಯವರೂ ಇಣುಕಿದರು.

ಆಮೇಲೆ ಅವನು ಏನು ಮಾಡಿದನೆಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಣ್ಣ ಒಬ್ಬನೇ ಆಸ್ಪತ್ರೆಗೆ ಹೋಗಿ, ತಾನು ಊರಿಗೆ ಹೋಗುತ್ತಿರುವುದಾಗಿಯೂ ಮುಂದಿನ ಔಷಧಿ ಅಲ್ಲೇ ತೆಗೆದುಕೊಳ್ಳುವುದಾಗಿಯೂ ಹೇಳಿದ. ಹೋಟೆಲಿನವರು ಊರಿಗೆ ಹೋಗುವುದು ಯಾವಾಗಲೂ ಇದ್ದದ್ದೇ, ಆಸ್ಪತ್ರೆಯವರು ನಂಬಿದರು. ಇಲ್ಲಿಯ ಲೆಕ್ಕ ಮುಚ್ಚಿ, ಊರಿಗೆ ವರ್ಗ ಎಂದು ಕಂಪ್ಯೂಟರಿನಲ್ಲಿ ಹಾಕಿದರು. ಇನ್ನು ಊರಿನ ಡಾಕ್ಟರು ಖಾತೆ ತೆರೆದಾಗ ಎಲ್ಲವೂ ಅಲ್ಲಿ ಕಾಣಿಸಬೇಕು. ಮಗಳು ಹೊಗಳಿದ್ದು ಇದನ್ನೇ ತಾನೆ? ಅಣ್ಣ ಊರಿಗೆ ಹೋಗಲಿಲ್ಲ. ಮಲಾಡ್ ಸ್ಟೇಷನ್ ರಸ್ತೆಯ ಮೆಡಿಕಲ್ಲಿನಿಂದ ಕೆಂಪು ಬಣ್ಣದ ಶಕ್ತಿ ಮಾತ್ರೆ ಕೊಂಡು ತಂದು ಹಳೆಯ ಪೊಟ್ಟಣದಲ್ಲಿ ಹಾಕಿಟ್ಟ. ಪ್ರತಿ ಬೆಳಿಗ್ಗೆ ನಾನು ಕೊಟ್ಟ ನೀರಿನಲ್ಲಿ, ನನ್ನ ಕಣ್ಣೆದುರಿಗೇ ಅವನ್ನು ನುಂಗಿದ. ಔಷಧಿಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟು, ಸಾಂತಾಕ್ರೂಜಿನಲ್ಲಿ ಇಳಿದು, ಸ್ಟೇಷನ್ನಿನ ಬೆಂಚಿನ ಮೇಲೆ ಹೊತ್ತು ಕಳೆದು ಬಂದ.

ಗಲ್ಲಾದ ಫೋನು ಸುಮ್ಮನಾಯಿತು.

ಧಣಿಗಳು ಮಾತಿಗೆ ತಪ್ಪುವವರಲ್ಲ. ಕಾದರು, ಮತ್ತೂ ಕಾದರು. ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಅಣ್ಣ ಸ್ಪೀಕರಿಗೆ ಹಾಕಿದ. "ಈಗ ಬರುದಿಲ್ಲ ಮಾರಾಯ, ಪೂರಾ ನಿಂತಿದೆ. ಗುಣ ಆಯ್ತಲ್ಲ. ಬಂದುಬಿಡು." ಅಣ್ಣನ ಮುಖವನ್ನು ಆ ದಿನ ನೀವು ನೋಡಬೇಕಿತ್ತು. ಮಗಳು ಅವನ ಕೊರಳಿಗೆ ಜೋತುಬಿದ್ದಳು. ನಾನು ಕಡಲೆಬೇಳೆ ಪಾಯಸ ಮಾಡಿದೆ. ಚಿಕಿತ್ಸೆ ಮುಗಿಯುವ ಕಾಲವೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ನಮಗೆ ಅನುಮಾನವೇ ಬರಲಿಲ್ಲ. ನಡುವೆ ಒಮ್ಮೆ ಅವನು ಕೆಮ್ಮಿದ. ಪಾಯಸದ ಏಲಕ್ಕಿ ಗಂಟಲಿಗೆ ಸಿಕ್ಕಿತು ಎಂದ. ಸಂಜೆಯೇ ಚೀಲ ಕಟ್ಟಿಕೊಂಡು ಹೊರಟ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕಾವಲಿಯ ಮುಂದೆಯೇ ಕುಸಿದ. ಬಾಯಿಂದ ಬಂದ ರಕ್ತ ಬಿಳಿ ಬನಿಯನ್ನಿನ ಮೇಲೆಲ್ಲ ಆಗಿತ್ತು. ಧಣಿಗಳೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು. ನಾನು ಲೋಕಲಿನಲ್ಲಿ ಹೇಗೆ ಹೋದೆನೋ ನೆನಪಿಲ್ಲ. ನಾನು ಅಲ್ಲಿಗೆ ಮುಟ್ಟಿದಾಗ ಡಾಕ್ಟರು ಅಣ್ಣನ ಖಾತೆ ತೆರೆಯಲು ಓಟಿಪಿ ಕೇಳುತ್ತಿದ್ದರು. ಫೋನು ಧಣಿಗಳ ಜೇಬಿನಲ್ಲೇ ಇತ್ತು. ಅವರು ಒಂದೊಂದೇ ಅಂಕಿ ಓದಿದರು. ಖಾತೆ ಒಂದೇ ಸಲಕ್ಕೆ ತೆರೆಯಿತು. ಎಕ್ಸ್‌ರೇ, ಕಫದ ಪರೀಕ್ಷೆ, ಮೊದಲ ತಿಂಗಳುಗಳ ಔಷಧಿ, ಒಂದೂ ಕಳೆದಿರಲಿಲ್ಲ, ಒಂದೂ ಅದಲುಬದಲಾಗಿರಲಿಲ್ಲ.

"ಊರಿನಲ್ಲಿ ಔಷಧಿ ಎಲ್ಲಿ ತೆಗೆದುಕೊಂಡರು?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. "ಇಲ್ಲಿಂದ ಹೋದ ಮೇಲೆ ಏನೂ ದಾಖಲಾಗಿಲ್ಲ."

ಯಾವ ಊರು ಎಂದೆ ನಾನು. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಧಣಿಗಳು ನನ್ನ ಭುಜದ ಮೇಲಿಂದ ನೋಡಿದರು, ಆಮೇಲೆ ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಮೆಸೇಜು ನಿಂತದ್ದು ಹಾಗಾ ತಂಗಿ?" ಎಂದರು.

ಹಳೆಯ ಮಾತ್ರೆ ಇನ್ನು ಅವನಿಗೆ ತಾಗುವುದಿಲ್ಲ ಎಂದರು. ಬೇರೆ ಔಷಧಿ ಹಿಡಿಸಿದರು, ಅದೂ ತಾಗಲಿಲ್ಲ. ವಾರ್ಡಿನಲ್ಲಿ ಮಾಸ್ಕಿನ ಹಿಂದಿನಿಂದ ಅಣ್ಣ ಎಲ್ಲವನ್ನೂ ಹೇಳಿದ, ತುಂಟತನ ಸಿಕ್ಕಿಬಿದ್ದ ಹುಡುಗನ ಹಾಗೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಎಳ್ಕೊಂಡು ಹೋಗ್ತಿದ್ದಿ," ಎಂದ. ಸ್ವಲ್ಪ ಉಸಿರು ಹಿಡಿದುಕೊಂಡು, "ಕಾವಲಿ ಸಿಕ್ಕಿತಲ್ಲ ಮಾರಾಯ್ತಿ," ಎಂದ.

ಅವನು ಹೋದದ್ದು ಒಂದು ಮಧ್ಯಾಹ್ನ, ಹೋಟೆಲಿನಲ್ಲಿ ಗದ್ದಲ ಹೆಚ್ಚಿರುವ ಹೊತ್ತಿನಲ್ಲಿ.

ಮಗಳು ಪವಾಯಿಗೆ ಹೋಗುತ್ತಾಳೆ, ಬರುತ್ತಾಳೆ, ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾಳೆ. ಒಂದು ದಿನ ತಾನಾಗಿ ಹೇಳಿದಳು. "ಅಮ್ಮ, ನಾನು ಹಜಾರ್ ಬಾರ್, ಸಾವಿರ ಸಲ ಚೆಕ್ ಮಾಡ್ದೆ. ಯಾರೂ ಹ್ಯಾಕ್ ಮಾಡ್ಲಿಲ್ಲ. ಡೇಟಾ ಲೀಕ್ ಆಗಿಲ್ಲ. ಓಟಿಪಿ ಇಲ್ದೆ ಯಾರೂ ಓಪನ್ ಮಾಡ್ಲಿಲ್ಲ. ಎಲ್ಲಾ ಸರಿಯಾಗೇ ಕೆಲ್ಸ ಮಾಡಿದೆ." ಹಾಗೆಂದು ತಟ್ಟೆಯನ್ನು ದೂಡಿ ಅತ್ತಳು.

ಹೋಟೆಲಿನವರಿಗೆಲ್ಲ ಅವರವರ ನಂಬರ್ ಮಾಡಿಸಿಕೊಳ್ಳಿ ಎಂದು ಧಣಿಗಳು ಹೇಳಿದ್ದಾರಂತೆ. ಹ್ಞೂಂ ಎಂದವರು ಬಹಳ, ಹೋದವರು ಯಾರೂ ಇಲ್ಲ. ಒಂದು ಹೊತ್ತಿನ ಕೆಲಸ ಬಿಟ್ಟು ಯಾರು ಸಾಲಿನಲ್ಲಿ ನಿಲ್ಲುತ್ತಾರೆ? ಮೊನ್ನೆ ಊರಿನಿಂದ ಹೊಸದಾಗಿ ಬಂದವನೊಬ್ಬ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಕೊಟ್ಟದ್ದೂ ಅದೇ ನಂಬರು.

ಕೊನೆಯ ಬಾರಿ ಆಸ್ಪತ್ರೆಗೆ ಸೇರಿದಾಗ ಅಣ್ಣನ ಲೆಕ್ಕ ಮತ್ತೆ ತೆರೆದಿತ್ತು. ಅದನ್ನು ಮುಚ್ಚಲು ಮಗಳು ಅರ್ಜಿ ಹಾಕಿದಳು, ಸಾವಿನ ದಾಖಲೆ ಕೊಟ್ಟಳು, ಎರಡು ಕಚೇರಿ ಅಲೆದಳು. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಹಾಗಾಗಿ ಮೆಸೇಜು ಬರುತ್ತಲೇ ಇದೆ. ನಿಮ್ಮ ಔಷಧಿಯ ದಿನ ಬಂದಿದೆ, ಚಿಕಿತ್ಸೆ ನಿಲ್ಲಿಸಬೇಡಿ, ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತವಾಗಿದೆ. ಆ ಫೋನು ಸುಮ್ಮನಾಗಲಿ ಎಂದು ಅಣ್ಣ ಪ್ರಾಣ ಕೊಟ್ಟ. ಅದರಲ್ಲಿ ಅವನು ಇನ್ನೂ ಕಾಯಿಲೆಯವನೇ.

ಬಂದಾಗಲೆಲ್ಲ ಧಣಿಗಳು ನನಗೆ ಫೋನು ಮಾಡುತ್ತಾರೆ. ಈಗ ಅವರು ಯಾವ ಮೆಸೇಜನ್ನೂ ಗಟ್ಟಿಯಾಗಿ ಓದುವುದಿಲ್ಲ. ಆ ಕಡೆಯಿಂದ ಪಾತ್ರೆಗಳ ಸದ್ದು, ಬೇರೆ ಯಾರೋ ದೋಸೆ ಹುಯ್ಯುವ ಸದ್ದು ಕೇಳುತ್ತದೆ.

"ತಂಗಿ," ಅನ್ನುತ್ತಾರೆ, "ಇವತ್ತೂ ಬಂತು."

ಆಯಿತು ಧಣಿ ಎನ್ನುತ್ತೇನೆ, ಮತ್ತೆ ಇಬ್ಬರೂ ಫೋನು ಇಡುತ್ತೇವೆ.